ಕಾಕಂಬಿಯಲ್ಲಿ ಇಳಿದ ಸೂರ್ಯ

ನಾನು ಸಮುದ್ರ ನೋಡಿದ್ದು ತಲೆ ನರೆತ ಮೇಲೆ. ಅದಕ್ಕೂ ಎಷ್ಟೋ ಮೊದಲೇ ನನ್ನ ಹತ್ತಿರ ಹಡಗಿನವರ ದಿಕ್ಸೂಚಿ ಇತ್ತು, ದುರ್ಬೀನು ಇತ್ತು, ನಕ್ಷೆಯ ಮೇಲೆ ಗೆರೆ ಎಳೆಯುವ ಜೋಡು ಅಳತೆಪಟ್ಟಿ ಇತ್ತು, ಮರಳು ಸುರಿಯುವ ಗಾಜಿನ ಗಡಿಯಾರ ಇತ್ತು. ಬನಹಟ್ಟಿಯಲ್ಲಿ ಇಂಥವನ್ನು ಕೂಡಿಹಾಕಿದವಳು ನಾನೊಬ್ಬಳೇ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. “ಈಸಾಕ ಬರದಾಕಿ ಹಡಗ ನಡಸಾಕ ಹೊಂಟಾಳ” ಎಂದು ಓಣಿಯವರು ನಗುತ್ತಿದ್ದರು. ನಗಲಿ. ನಗುವವರ ಮನೆಯಲ್ಲಿ ಏನಿತ್ತು? ನಮ್ಮ ಮನೆಯಲ್ಲಿದ್ದ ಮಗ್ಗವೇ, ನಮ್ಮ ಮನೆಯಲ್ಲಿದ್ದ ಲಾಳಿಯೇ. ಹಡಗಿನ ಸಾಮಾನು ಇದ್ದದ್ದು ನಮ್ಮಲ್ಲಿ ಮಾತ್ರ.

ಮೊದಲನೆಯದು ತವರಿನಿಂದ ಬಂದದ್ದು. ನನ್ನ ಅಪ್ಪ ಜಮಖಂಡಿಯಲ್ಲಿ ಸಂಸ್ಥಾನದ ಕಾಲಕ್ಕೆ ಉಗ್ರಾಣದಲ್ಲಿ ಕೆಲಸ ಮಾಡಿದವರು. ಸಂಸ್ಥಾನ ಹೋಗಿ ಹಳೆಯ ಸಾಮಾನುಗಳು ಅವರಿವರ ಪಾಲಾಗುವಾಗ ಬಂದೂಕಿಗೆ, ಗಡಿಯಾರಕ್ಕೆ, ಗಾಲೀಚೆಗೆ ಎಲ್ಲಕ್ಕೂ ಗಿರಾಕಿ ಇದ್ದರಂತೆ. ತೇಗದ ಪೆಟ್ಟಿಗೆಯಲ್ಲಿದ್ದ ಹಡಗಿನ ದಿಕ್ಸೂಚಿಯೊಂದು ಯಾರಿಗೂ ಬೇಡವಾಗಿ ಅಪ್ಪನ ಕೈಗೆ ಬಂತು. ಅದನ್ನು ಅಲ್ಲಿಗೆ ಯಾರು ತಂದಿದ್ದರು, ಯಾಕೆ ತಂದಿದ್ದರು ಎಂಬುದು ಅಪ್ಪನಿಗೂ ಗೊತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಹಿತ್ತಾಳೆಯ ಬಟ್ಟಲು, ಬಟ್ಟಲನ್ನು ಹಿಡಿದುಕೊಂಡ ಎರಡು ಬಳೆ. ಪೆಟ್ಟಿಗೆಯನ್ನು ಎತ್ತ ಓರೆ ಮಾಡಿದರೂ ಒಳಗಿನ ಬಟ್ಟಲು ಮಾತ್ರ ಸಮನಾಗಿಯೇ ನಿಲ್ಲುತ್ತಿತ್ತು. ಉಳಿದ ಹುಡುಗಿಯರು ಗೊಂಬೆಯ ಮದುವೆ ಮಾಡುವ ವಯಸ್ಸಿನಲ್ಲಿ ನಾನು ಅದನ್ನು ಓರೆ ಮಾಡುತ್ತ ಕೂತಿರುತ್ತಿದ್ದೆ. ಮುಂದೆ ಗಣಿತ ಓದಿದೆ, ಹೈಸ್ಕೂಲಿನಲ್ಲಿ ಟೀಚರಾದೆ. ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬರುವಾಗ ಪಾತ್ರೆ ಪಡಗದ ಜೊತೆಗೆ ಆ ಪೆಟ್ಟಿಗೆಯೂ ಬಂತು. ಅತ್ತೆ ಮುಚ್ಚಳ ತೆಗೆದು ನೋಡಿ, “ಇದೇನ್ ಬೇ, ಕುಂಕುಮದ ಭರಣಿ ಏನು?” ಎಂದರು. ಅಲ್ಲ ಎಂದೆ. ಹಾಗಾದರೆ ಏನು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉಳಿದವೆಲ್ಲ ನನ್ನ ಗಂಡ ತಂದದ್ದು. ಅವರು ಆಗಾಗ ಸೀರೆಗಳ ಗಂಟು ಕಟ್ಟಿಕೊಂಡು ಮುಂಬೈಗೆ ಹೋಗಿ ಬರುತ್ತಿದ್ದರು. ಗಂಡ ಹೆಂಡತಿಗೆ ಮುಂಬೈಯಿಂದ ಸೀರೆ ತರುವುದು ಲೋಕದ ಪದ್ಧತಿ. ಸೀರೆ ನೇಯುವ ಮನೆಗೆ ಸೀರೆ ತರುವವನು ಹುಚ್ಚ. ನನ್ನವರು ಹುಚ್ಚರಲ್ಲ. ಅಲ್ಲಿ ಹಳೆಯ ಹಡಗು ಒಡೆದು ಬಂದ ಸಾಮಾನು ಮಾರುವ ಬಜಾರಿದೆ ಎಂದು ಯಾರಿಂದಲೋ ಕೇಳಿ, ಒಂದು ಸಲ ಮರಳಿನ ಗಡಿಯಾರ ತಂದರು. ಅದನ್ನು ಕಂಡು ನನ್ನ ಮುಖ ಅರಳಿದ್ದು ನೋಡಿ ಮುಂದಿನ ಸಲ ದುರ್ಬೀನು ತಂದರು. “ಬಂಗಾರ ಕೇಳೂ ಹೇಂತಿ ಸಿಕ್ಕಿದ್ರ ದಿವಾಳಿ ಎದ್ದ ಹೋಗ್ತಿದ್ದೆ. ನಮ್ಮಾಕಿ ಹಿತ್ತಾಳ್ಯಾಗ ಖುಷಿ” ಎಂದು ಗೆಳೆಯರ ಮುಂದೆ ಹೇಳುತ್ತಿದ್ದರು. ಚೇಷ್ಟೆಗೆ ಹೇಳಿದರೂ ಅದು ಖರೆಯೇ ಆಗಿತ್ತು.

ಒಮ್ಮೆ ಸೆಕ್ಸ್‌ಟೆಂಟ್ ಬಂತು. ಹಿಂದೆ ಪುಸ್ತಕದಲ್ಲಿ ಚಿತ್ರ ನೋಡಿದ್ದೆ; ಈಗ ಅದೇ ನನ್ನ ಕೈಯಲ್ಲಿತ್ತು. ರೊಟ್ಟಿಯ ಆರನೇ ಒಂದು ಪಾಲಿನ ಆಕಾರದ ಹಿತ್ತಾಳೆಯ ಚೌಕಟ್ಟು. ಬಾಗಿದ ಅಂಚಿನ ಉದ್ದಕ್ಕೂ ಬೆಳ್ಳಿಯ ಪಟ್ಟಿ, ಅದರ ಮೇಲೆ ಕೂದಲೆಳೆಯಂಥ ಡಿಗ್ರಿ ಗೆರೆಗಳು. ಎರಡು ಪುಟ್ಟ ಕನ್ನಡಿ, ಕಣ್ಣಿಡಲು ಒಂದು ನಳಿಗೆ, ಬಿಸಿಲು ತಡೆಯಲು ಕಪ್ಪು ಗಾಜು, ಗೆರೆಗಳ ಮೇಲೆ ಸರಿಯುವ ಒಂದು ತೋಳು. ಹಡಗಿನವರು ನಳಿಗೆಯಲ್ಲಿ ನೋಡುತ್ತ ತೋಳನ್ನು ಸರಿಸಿ, ಕನ್ನಡಿಯಲ್ಲಿ ಸೂರ್ಯನನ್ನು ಕೆಳಗಿಳಿಸಿ, ನೀರು ಮತ್ತು ಆಕಾಶ ಕೂಡುವ ಗೆರೆಗೆ ತಾಗಿಸುತ್ತಾರೆ. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂದು ತಿಳಿಯುತ್ತದೆ. ಮಧ್ಯಾಹ್ನದ ಎತ್ತರ ತಿಳಿದರೆ ತಾವು ಭೂಮಧ್ಯರೇಖೆಯಿಂದ ಎಷ್ಟು ಬಡಗಣಕ್ಕಿದ್ದೇವೆ ಎಂದು ಲೆಕ್ಕ ಹಾಕಬಹುದು. ನಮ್ಮ ಮನೆಯವರ ಬಾಯಲ್ಲಿ ಸೆಕ್ಸ್‌ಟೆಂಟ್ ಎಂಬ ಹೆಸರು ತಿರುಗಲಿಲ್ಲ. ಎಲ್ಲರೂ ಅದನ್ನು ಕಮಾನು ಎಂದರು. ನಾನೂ ಕಮಾನು ಎಂದೇ ಕರೆದೆ.

ಇವೆಲ್ಲ ಇದ್ದದ್ದು ಹಿಂದಿನ ಸಣ್ಣ ಖೋಲಿಯಲ್ಲಿ, ಹಲಗೆಗಳ ಮೇಲೆ. ಶಾಲೆಯಿಂದ ಬಂದು, ರೊಟ್ಟಿ ಬಡಿಯುವ ಮೊದಲು ಅಲ್ಲಿ ಸ್ವಲ್ಪ ಹೊತ್ತು ಕೂತು ಮೆತ್ತಗಿನ ಅರಿವೆಯಿಂದ ಧೂಳು ಒರೆಸುತ್ತಿದ್ದೆ. ಅಷ್ಟು ದೊಡ್ಡ ಮನೆಯಲ್ಲಿ ನನ್ನದು ಎನ್ನುವ ಜಾಗ ಅದೊಂದೇ.

ಖಂಡೇನವಮಿಗೆ ನಮ್ಮಲ್ಲಿ ಮಗ್ಗ ನಿಲ್ಲಿಸಿ, ಮನೆಯ ದುಡಿಯುವ ಸಾಮಾನುಗಳನ್ನೆಲ್ಲ ಮಣೆಯ ಮೇಲಿಟ್ಟು ಪೂಜೆ ಮಾಡುತ್ತಾರೆ. ಲಾಳಿ, ಕತ್ತರಿ, ಮಗ್ಗದ ನಟ್ಟು ಬಿಗಿಯುವ ಪಾನಾ, ಅತ್ತೆ ನೂಲಿನ ಕಂಡಿಕೆ ಸುತ್ತುವ ರಾಟಿಯ ಕದಿರು. ಆ ವರ್ಷ ನಾನೂ ಸ್ನಾನ ಮಾಡಿ ಬಂದು ಕಮಾನನ್ನು ಲಾಳಿಯ ಪಕ್ಕದಲ್ಲಿಟ್ಟೆ. ಮಾವ ಬಂದು ನೋಡಿದರು.

“ಇದನ್ಯಾರ ಇಟ್ಟಾರ?”

“ನಾನ್ರಿ ಮಾವಾರ.”

“ಇದು ಏನ್ ದುಡೀತೈತಿ?”

ನಾನು ಹಡಗು, ಸೂರ್ಯ, ಡಿಗ್ರಿ ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು. “ಹಡಗಿನ್ಯಾಗ ದುಡದಿರಬೇಕವಾ. ನಮ್ಮನ್ಯಾಗ ಏನ್ ದುಡೀತೈತಿ ಹೇಳು. ದುಡೀಲಾರದ ಸಾಮಾನಕ್ಕ ಪೂಜಿ ಇಲ್ಲ.” ಹಾಗೆಂದು ಕಮಾನನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ, ಕುಕ್ಕಲಿಲ್ಲ. ಅವರ ಅಪ್ಪನ ಕಾಲದ ಲಾಳಿಯೊಂದು ತುದಿ ಸೀಳಿ ಮೂಲೆಯಲ್ಲಿ ಬಿದ್ದಿತ್ತು. ಅದನ್ನೂ ಅವರು ಮಣೆಗೆ ಹತ್ತಿಸುತ್ತಿರಲಿಲ್ಲ. ಅವರ ನ್ಯಾಯ ಎಲ್ಲರಿಗೂ ಒಂದೇ. ಅದು ಗೊತ್ತಿದ್ದೂ ನನ್ನ ಮೈ ಉರಿಯಿತು.

ಆಮೇಲೆ ಊಟಕ್ಕೆ ಕೂತಾಗ ಇನ್ನೊಂದು ಮಾತು ಬಂತು. ಸಂಕ್ರಾಂತಿ ಮುಗಿದ ಮೇಲೆ ಹೊಸ ಪಾವರ್‌ಲೂಮ್ ಬರುವುದಿದೆ, ಹಿಂದಿನ ಖೋಲಿ ಖಾಲಿ ಆಗಬೇಕು.

“ನನ್ನ ಸಾಮಾನು ಎಲ್ಲಿಡ್ಲಿರಿ?” ಎಂದೆ.

“ಅಟ್ಟಕ್ಕರ ಹಾಕು, ಭಾಂಡೆ ಅಂಗಡಿಗರ ಕೊಡು. ಛಲೋ ಹಿತ್ತಾಳಿ, ಎರಡ ಕೊಡ ಬರ್ತಾವ.”

ನಾನು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟೆ. ನನ್ನ ಸಿಟ್ಟು ತವರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗಂಡನ ಮನೆಗೆ ಅದು ಆ ದಿನ ಗೊತ್ತಾಯಿತು. “ದುಡೀತೈತ್ರಿ ಅದು. ನಮ್ಮ ಮಾಳಿಗಿ ಮ್ಯಾಲೇ ದುಡಿಸಿ ತೋರಸ್ತೀನಿ. ದುಡಿದ್ರ ಏನ್ ಮಾಡ್ತೀರಿ?”

ಅತ್ತೆ ಕಣ್ಣಲ್ಲೇ ಸುಮ್ಮನಿರು ಎಂದರು. ನನ್ನ ಗಂಡ ತಟ್ಟೆಯೊಳಗೆ ತಲೆ ಹಾಕಿದರು. ಮಾವ ಮಾತ್ರ ನಿಧಾನಕ್ಕೆ ತುತ್ತು ಅಗಿದು ನುಂಗಿ ಹೇಳಿದರು: “ದುಡಿದ್ರ ಖೋಲಿ ಅದರದು. ಇಲ್ಲಂದ್ರ ಮಗ್ಗದ್ದು. ಸಂಕ್ರಾಂತಿತನಾ ನೋಡೂಣು.”

ಮಾತು ಆಡಿಬಿಟ್ಟೆ. ಆಡಿದ ಮೇಲೆ ಅದರ ಕಷ್ಟ ತಿಳಿಯಿತು. ಹಡಗಿನವರಿಗೆ ನೀರು–ಆಕಾಶ ಕೂಡುವ ನೇರ ಗೆರೆ ಇರುತ್ತದೆ. ಬನಹಟ್ಟಿಯಲ್ಲಿ ಎತ್ತ ನೋಡಿದರೂ ಮಾಳಿಗೆ, ಬೇವಿನ ಗಿಡ, ನೀರಿನ ಟಾಕಿ. ಆದರೆ ಬೆಳಕು ಕನ್ನಡಿಗೆ ಯಾವ ಕೋನದಲ್ಲಿ ಬೀಳುತ್ತದೋ ಅದೇ ಕೋನದಲ್ಲಿ ಹೊರಳುತ್ತದೆ ಎಂದು ನಾನೇ ವರ್ಷಾ ವರ್ಷಾ ಮಕ್ಕಳಿಗೆ ಹೇಳುತ್ತಿದ್ದೆನಲ್ಲ. ಹಿಟ್ಟು ನಾದುವ ಪರಾತದಲ್ಲಿ ನೀರು ಹಾಕಿಟ್ಟರೆ ನೀರು ತನ್ನಷ್ಟಕ್ಕೆ ಸಮತಲ. ಅದರಲ್ಲಿ ಸೂರ್ಯ ಎಷ್ಟು ಆಳದಲ್ಲಿ ಕಾಣುತ್ತಾನೋ ಮೇಲೆ ಅಷ್ಟೇ ಎತ್ತರದಲ್ಲಿರುತ್ತಾನೆ. ಮೇಲಿನ ಸೂರ್ಯನನ್ನು ಇಳಿಸಿ ಪರಾತದ ಸೂರ್ಯನ ಮೇಲೆ ಕೂರಿಸಿದರೆ ಬರುವ ಕೋನ ಎರಡರಷ್ಟು. ಅರ್ಧ ಮಾಡಿದರೆ ಆಯಿತು. ಇಷ್ಟು ಹೊಳೆದಾಗ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ.

ಆದರೆ ದೀಪಾವಳಿ ಮುಗಿಯುವವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಕಡೆ ಬಹಳ ಎತ್ತರ. ಎರಡರಷ್ಟು ಕೋನಕ್ಕೆ ಕಮಾನಿನ ಗೆರೆಗಳೇ ಸಾಲಲಿಲ್ಲ. ಚಳಿಗಾಲಕ್ಕೆ ಕಾದೆ. ಸೂರ್ಯ ತೆಂಕಣಕ್ಕೆ ಇಳಿದ ಮೇಲೆ, ರವಿವಾರವೊಂದು ನೋಡಿ ಪರಾತ ಹೊತ್ತುಕೊಂಡು ಮಾಳಿಗೆ ಹತ್ತಿದೆ. ನೀರಿನಲ್ಲಿ ಸೂರ್ಯ ಕಂಡ, ಆದರೆ ಒಬ್ಬನಲ್ಲ. ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಚೂರು ಚೂರಾಗಿ ಸಿಡಿಯುತ್ತಿದ್ದ. ಕೆಳಗೆ ನಮ್ಮ ಎರಡು ಮಗ್ಗ, ಪಕ್ಕದ ಮನೆಯಲ್ಲಿ ನಾಲ್ಕು, ಎದುರು ಸಾಲಿನಲ್ಲಿ ಲೆಕ್ಕವಿಲ್ಲದಷ್ಟು. ಓಣಿ ತುಂಬ ಖಟಖಟ ಖಟಖಟ. ಹುಟ್ಟಿದಾರಭ್ಯ ಆ ಸಪ್ಪಳದಲ್ಲೇ ಇದ್ದವರಿಗೆ ಅದು ಕೇಳಿಸುವುದಿಲ್ಲ. ನೀರಿಗೆ ಕೇಳಿಸುತ್ತದೆ. ಕರೆಂಟು ಹೋದಾಗ ಊರೆಲ್ಲ ಶಾಪ ಹಾಕುತ್ತಿತ್ತು, ನಾನೊಬ್ಬಳು ಪರಾತ ಹಿಡಿದು ಮೇಲೆ ಓಡುತ್ತಿದ್ದೆ. ಆಗ ಗಾಳಿ ಬರುತ್ತಿತ್ತು. ನೀರು ಚೆಲ್ಲಿ ಶೇಂಗಾ ಎಣ್ಣೆ ಹಾಕಿ ನೋಡಿದೆ. ಅದೂ ನಡುಗಿತು, ಮೇಲಾಗಿ ಅತ್ತೆಯ ಬಾಯಿಗೆ ಬಿದ್ದೆ. “ಸೂರ್ಯಾಗ ಒಗ್ಗರಣಿ ಹಾಕಾಕ ಹತ್ಯಾಳ ನಮ್ಮ ಸೊಸಿ” ಎಂದು ಅವರು ಬಂದವರಿಗೆಲ್ಲ ಹೇಳಿದರು. ಮಾವ ಒಂದು ದಿನ ಟೇಪು ತಂದು ಹಿಂದಿನ ಖೋಲಿಯ ಉದ್ದಗಲ ಅಳೆದುಕೊಂಡು ಹೋದರು. ಆ ದಿನ ನನಗೆ ಖರೆಗೂ ಭಯವಾಯಿತು.

ದಾರಿ ಸಿಕ್ಕಿದ್ದು ಊಟದ ಹೊತ್ತಿಗೆ. ನನ್ನ ನಾದಿನಿಯನ್ನು ಬಾಡಗಂಡಿಯ ಕಡೆ ಕೊಟ್ಟಿದ್ದಾರೆ, ಕಬ್ಬಿನ ಮನೆ. ಬೆಲ್ಲ ಮಾಡುವ ದಿನಗಳು ಬಂದವೆಂದರೆ ಅವಳು ತವರಿಗೆ ಒಂದು ಡಬ್ಬಿ ಕಾಕಂಬಿ ಕಳಿಸುತ್ತಾಳೆ. ಬೆಲ್ಲಕ್ಕೆ ಒಂದು ಹದ ಮೊದಲೇ ಇಳಿಸಿದ ಆ ಗಟ್ಟಿ ಪಾಕವನ್ನು ನಾವು ಚಪಾತಿಗೆ ಹಚ್ಚಿಕೊಂಡು ತಿನ್ನುತ್ತೇವೆ. ಆ ಮಧ್ಯಾಹ್ನ ತಟ್ಟೆಯಲ್ಲಿ ಕಾಕಂಬಿ ಹಾಕಿಕೊಂಡು ಕೂತಿದ್ದೆ. ಪಕ್ಕದ ತಂಬಿಗೆಯ ನೀರಿನಲ್ಲಿ ಮಗ್ಗದ ಒಂದೊಂದು ಹೊಡೆತಕ್ಕೂ ಒಂದೊಂದು ಬಳೆ ಏಳುತ್ತಿತ್ತು. ಕಾಕಂಬಿಯ ಮೇಲೆ ಕಿಟಕಿ ಮೂಡಿತ್ತು, ಕಿಟಕಿಯ ಸರಳುಗಳು ಮೂಡಿದ್ದವು, ಒಂದು ಸರಳೂ ಅಲುಗುತ್ತಿರಲಿಲ್ಲ. ನಾನು ತುತ್ತು ಕೈಯಲ್ಲಿ ಹಿಡಿದು ನೋಡುತ್ತಲೇ ಕೂತೆ.

“ಯಾಕ ಬೇ, ಇರಬಿ ಬಿದ್ದೈತೇನು?” ಎಂದರು ಅತ್ತೆ.

“ಇಲ್ರಿ. ಡಬ್ಬಿ ಎಲ್ಲೈತ್ರಿ?”

ನಾತಾಳ ಸೂಟಿಗೆ, ಕ್ರಿಸ್‌ಮಸ್ ರಜೆಗೆ, ಶಾಲೆ ಮುಚ್ಚಿತು. ಆ ವಾರ ಸೂರ್ಯ ತೆಂಕಣದ ತುದಿ ಮುಟ್ಟಿ, ಇಪ್ಪತ್ಮೂರೂವರೆ ಡಿಗ್ರಿಯ ಹತ್ತಿರ ನಿಂತ ಹಾಗೆಯೇ ಇರುತ್ತಾನೆ. ಇದು ಭೂಗೋಳ ಓದಿದ ಎಲ್ಲರಿಗೂ ಗೊತ್ತು. ಬೇರೆ ಪಂಚಾಂಗ ಬೇಕಿಲ್ಲ. ತಾಟಿನಲ್ಲಿ ಕಾಕಂಬಿ ಸುರಿದು, ಇರುವೆ ಹತ್ತದಂತೆ ತಾಟನ್ನು ನೀರು ತುಂಬಿದ ಪರಾತದೊಳಗಿಟ್ಟು, ಮಾಳಿಗೆಯ ಮೇಲೆ ಮಂಡಿಯೂರಿದೆ. ಕಪ್ಪು ಗಾಜು ಅಡ್ಡ ಹಾಕಿ ನಳಿಗೆಗೆ ಕಣ್ಣಿಟ್ಟೆ. ಕಾಕಂಬಿಯೊಳಗೆ ಒಬ್ಬನೇ ಸೂರ್ಯ, ದುಂಡಗೆ, ಅಲುಗದೆ. ತೋಳು ಸರಿಸಿದೆ. ಮೇಲಿನ ಸೂರ್ಯ ಕನ್ನಡಿಯಲ್ಲಿ ಮೆಲ್ಲಗೆ ಇಳಿದು ಬಂದ. ಕೆಳಗಿನವನ ಮೇಲೆ ಸರಿಯಾಗಿ ಕೂತ. ಸೂರ್ಯ ಏರುತ್ತಿದ್ದಷ್ಟು ಹೊತ್ತು ಇಬ್ಬರೂ ಬೇರೆ ಬೇರೆಯಾಗುತ್ತಿದ್ದರು, ನಾನು ಮತ್ತೆ ಕೂಡಿಸುತ್ತಿದ್ದೆ. ಒಂದು ಗಳಿಗೆಗೆ ಏರುವುದು ನಿಂತಿತು. ಅದೇ ನಡು ಮಧ್ಯಾಹ್ನ. ಬೆಳ್ಳಿಯ ಪಟ್ಟಿಯ ಮೇಲೆ ನೂರು ಡಿಗ್ರಿ, ಮೇಲೆ ಚೂರು.

ಮಾವ ಬಂದು ಮಾಳಿಗೆಯ ಕಟ್ಟೆಯ ಮೇಲೆ ಕೂತಿದ್ದು ನನಗೆ ಗೊತ್ತೇ ಆಗಿರಲಿಲ್ಲ. “ಏನ್ ಹೇಳ್ತು?” ಎಂದರು.

ಮಾಳಿಗೆಯ ಮಣ್ಣಿನ ಮೇಲೆಯೇ ಬೆರಳಿನಿಂದ ಬರೆದು ತೋರಿಸಿದೆ. ನೂರರ ಅರ್ಧ ಐವತ್ತು. ನೆತ್ತಿಯಿಂದ ಸೂರ್ಯ ನಲವತ್ತು ಕೆಳಗೆ. ಅದರಲ್ಲಿ ಇಪ್ಪತ್ಮೂರೂವರೆ ಸೂರ್ಯನದು. ಉಳಿದ ಹದಿನಾರೂವರೆ ನಮ್ಮದು. ಕೆಳಗಿನಿಂದ ಶಾಲೆಯ ಅಟ್ಲಾಸು ತಂದು, ಹದಿನಾರೂವರೆಯ ಜಾಗದಲ್ಲಿ ಬೆರಳಿಟ್ಟು ಅಡ್ಡಡ್ಡ ಎಳೆಯುತ್ತ ಹೋದೆ. ಬೆರಳು ನಮ್ಮೂರ ಪಕ್ಕದ ಜಮಖಂಡಿಗೆ ತಾಗಿತು. “ನಮ್ಮನಿ ಭೂಮಿ ಮ್ಯಾಲ ಎಲ್ಲೈತಿ ಅಂತ ಹೇಳ್ತೈತ್ರಿ.”

“ನಮ್ಮನಿ ಎಲ್ಲೈತಿ ಅಂತ ಅಂಚಿಯವಗೂ ಗೊತ್ತೈತಿ” ಎಂದರು ಮಾವ.

“ಅಂಚಿಯವ ಓಣ್ಯಾಗ ಕೇಳಿ ಬರ್ತಾನ್ರಿ. ಇದು ಯಾರನೂ ಕೇಳಲಿಲ್ಲ.”

ಮಾವ ಬಗ್ಗಿ ಮಣ್ಣಿನ ಮೇಲಿನ ಲೆಕ್ಕ ನೋಡಿದರು. “ಹೊಸಾ ಮಗ್ಗ ಹೂಡಿದ್ರ ಒಂದ ಸೀರಿ ನೋಡಿ ಛಲೋ ಅನ್ನಂಗಿಲ್ಲವಾ. ಮೂರ ಸೀರಿ ಒಂದ ಅಳತಿ ಬರಬೇಕು. ಇನ್ನೆರಡ ದಿನ ನೋಡು” ಎಂದು ಟವೆಲು ಕೊಡವಿ ಎದ್ದು ಹೋದರು.

ನ್ಯಾಯದ ಮಾತು. ಎರಡನೆಯ ದಿನ ಜೇನುನೊಣಗಳಿಗೆ ನನ್ನ ಪ್ರಯೋಗದ ಸುದ್ದಿ ಹೋಗಿತ್ತು. ಒಂದು ಕೈಯಲ್ಲಿ ಸೆರಗು ಬೀಸುತ್ತ, ಒಂದು ಕೈಯಲ್ಲಿ ಕಮಾನು ಹಿಡಿದು ನೋಡಿದೆ. ಅಳತೆ ನಿನ್ನೆಗಿಂತ ತುಸು ಕಡಿಮೆ ಬಂತು. ಮುಚ್ಚಿಡಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. “ಇರಲಿ, ಒಂದ ಎಳಿ ಫರಕ ಮಗ್ಗಕ್ಕೂ ಬರತೈತಿ” ಎಂದರು ಮಾವ. ಅವರು ಮಗ್ಗಕ್ಕೆ ಕೊಡುವ ರಿಯಾಯಿತಿಯನ್ನು ನನ್ನ ಕಮಾನಿಗೆ ಕೊಟ್ಟರಲ್ಲ ಎಂದು ನನಗೆ ಅಷ್ಟಕ್ಕೇ ಹಿಗ್ಗು.

ಮೂರನೆಯ ದಿನ ಮಧ್ಯಾಹ್ನ ತಾಟು ಇಟ್ಟು ಕೂತಿದ್ದೆ. ಇದ್ದಕ್ಕಿದ್ದಂತೆ ಕೆಳಗಿನ ಸಪ್ಪಳ ನಿಂತಿತು. ಕರೆಂಟು ಹೋಯಿತು ಅಂದುಕೊಂಡೆ. ಆದರೆ ಪಕ್ಕದ ಮನೆಯ ಮಗ್ಗಗಳು ನಡೆದೇ ಇದ್ದವು, ಎದುರು ಸಾಲಿನವೂ ನಡೆದೇ ಇದ್ದವು. ನಿಂತದ್ದು ನಮ್ಮವು ಮಾತ್ರ. ಮಾವ ಕೈಯ ಗ್ರೀಸು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು. ಹಾಡಹಗಲೇ, ಕರೆಂಟು ಇರುವಾಗ, ಆ ಮನುಷ್ಯ ಮಗ್ಗ ನಿಲ್ಲಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನ್ನ ಕಣ್ಣು ಮಂಜಾಯಿತು. ಸೆರಗಿನಿಂದ ಕಣ್ಣನ್ನೂ ನಳಿಗೆಯನ್ನೂ ಒರೆಸಿ ಮತ್ತೆ ನೋಡಿದೆ, ಲೆಕ್ಕ ಹಾಕಿದೆ. ಹದಿನಾರೂವರೆ.

“ಆತು” ಎಂದರು ಮಾವ. ಅಷ್ಟೇ. ಅವರಿಗೆ ಅದೇ ದೊಡ್ಡ ಭಾಷಣ.

ಸಂಕ್ರಾಂತಿ ಮುಗಿದ ಮೇಲೆ ಹೊಸ ಪಾವರ್‌ಲೂಮ್ ಬಂತು. ಅದನ್ನು ಪಡಸಾಲೆಯಲ್ಲಿ ಹೂಡಿಸಿ, ಅಲ್ಲಿದ್ದ ತಮ್ಮ ಹೊರಸನ್ನು ಮಾವ ಅಡುಗೆಮನೆಯ ಗೋಡೆಯ ಪಕ್ಕಕ್ಕೆ ಸರಿಸಿಕೊಂಡರು. ಹಿಂದಿನ ಖೋಲಿಯ ಮಾತನ್ನು ಯಾರೂ ಎತ್ತಲಿಲ್ಲ. ಆಮೇಲೆ ಆ ಖೋಲಿಗೆ ಇನ್ನೂ ಸಾಮಾನು ಬಂದವು. ನೀರಿನ ಆಳ ನೋಡುವ ಸೀಸದ ಗುಂಡು ಬಂತು, ಇನ್ನೊಂದು ದಿಕ್ಸೂಚಿ ಬಂತು. ರಬಕವಿ, ಮುಧೋಳದ ಕಡೆಯಿಂದಲೂ ಶಾಲೆಯ ಮಾಸ್ತರರು ಮಕ್ಕಳನ್ನು ಕರೆದುಕೊಂಡು ನೋಡಲು ಬಂದರು. ಹಲ್ಲು ಕಿರಿದಿದ್ದ ಓಣಿಯವರೇ ಅವರಿಗೆ ಮನೆಯ ದಾರಿ ತೋರಿಸಿದರು.

ಮುಂದಿನ ಖಂಡೇನವಮಿಯ ಬೆಳಿಗ್ಗೆ ಕಮಾನು ತೆಗೆದುಕೊಳ್ಳಲು ಖೋಲಿಗೆ ಹೋದೆ. ಹಲಗೆಯ ಮೇಲೆ ಇರಲಿಲ್ಲ. ಹಿತ್ತಲಿಗೆ ಬಂದರೆ ಬಚ್ಚಲ ಕಲ್ಲಿನ ಮೇಲೆ ಅತ್ತೆ ಕೂತಿದ್ದಾರೆ, ಎದುರಿಗೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಕಮಾನು ಬಿಸಿಲಿನಲ್ಲಿ ಹೊಸ ತಂಬಿಗೆಯಂತೆ ಫಳಫಳ ಹೊಳೆಯುತ್ತಿದೆ. ಹಳೆಯ ಸಾಮಾನು ಕೂಡಿಡುವವರಿಗೆ ಇದಕ್ಕಿಂತ ದೊಡ್ಡ ಅನಾಹುತ ಇಲ್ಲ. ಹಿತ್ತಾಳೆಯ ಮೇಲೆ ಕಾಲಕಾಲಕ್ಕೆ ಕೂತ ಆ ಕಂದು ಬಣ್ಣವೇ ಅದರ ವಯಸ್ಸು, ಅದೇ ಅದರ ಬೆಲೆ. ಅದು ಹೋಗಿತ್ತು. ಬೆಳ್ಳಿಯ ಪಟ್ಟಿಯ ಗೆರೆಗಳಲ್ಲಿ ತುಂಬಿದ್ದ ಕಪ್ಪೂ ಹೋಗಿ, ಅಂಕಿಗಳು ಕಂಡೂ ಕಾಣದಂತಾಗಿದ್ದವು.

“ಏನ್ ಮಾಡಿದ್ರಿ ಅತ್ತಿ” ಎಂದೆ. ಇನ್ನೊಂದು ಮಾತು ಆಡಿದ್ದರೆ ಹಬ್ಬ ಹಾಳಾಗುತ್ತಿತ್ತು.

ಅತ್ತೆ ಅದನ್ನು ತಮ್ಮ ಸೆರಗಿನಿಂದ ಒರೆಸುತ್ತ ಮುಖ ಎತ್ತಿ ನೋಡಿದರು. “ಯಾಕ ಬೇ? ದುಡಿಯೂ ಸಾಮಾನ ಮಾಸಿದ್ದ ಹಂಗ ಮಣಿ ಮ್ಯಾಲ ಇಡಾಕ ಬರತೈತೇನು? ಕತ್ರಿ ತೊಳದೆ, ಕದರು ತೊಳದೆ, ನಿಂದೂ ತೊಳದೆ.”

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಆ ಮನೆಗೆ ಬಂದು ಅಷ್ಟು ವರ್ಷವಾದರೂ ಕತ್ತರಿ, ಕದಿರಿನ ಸಾಲಿನಲ್ಲಿ ನನ್ನದೊಂದು ಎಂದು ಯಾರೂ ಎಣಿಸಿರಲಿಲ್ಲ. ನಾನು ಕೂತು ಅತ್ತೆಯ ಜೊತೆ ಲಾಳಿ ಒರೆಸಿದೆ.

ಮುಂದೊಮ್ಮೆ ನನ್ನ ಗಂಡನ ಜೊತೆ ಬಂದ ಮುಂಬೈಯ ವ್ಯಾಪಾರಿಯೊಬ್ಬ ಕಮಾನು ನೋಡಿ ಹಣೆ ಹಣೆ ಚಚ್ಚಿಕೊಂಡ. ಇಂಥ ಸಾಮಾನನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ್ದು ಯಾರು ಎಂದು ಕೇಳಿದ. ನಮ್ಮ ಅತ್ತೆಯವರು ಎಂದು ತಲೆ ಎತ್ತಿಯೇ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಅದು ಆಮೇಲಿನ ಮಾತು.

ಆ ಖಂಡೇನವಮಿಯ ದಿನ ಕಮಾನು ಮಣೆಯ ಮೇಲೆ ಲಾಳಿಯ ಪಕ್ಕದಲ್ಲಿ ಕೂತಿತ್ತು. ನಮ್ಮಲ್ಲಿ ಅವರವರ ಆಯುಧಕ್ಕೆ ಅವರವರೇ ಕುಂಕುಮ ಹಚ್ಚಬೇಕು. ಮಾವ ಲಾಳಿಗೆ ಹಚ್ಚಿದರು, ನನ್ನ ಗಂಡ ಪಾನಾಕ್ಕೆ, ಅತ್ತೆ ಕದಿರಿಗೆ. ಆಮೇಲೆ ಮಾವ ಕುಂಕುಮದ ಬಟ್ಟಲನ್ನು ನನ್ನ ಕಡೆ ಸರಿಸಿದರು. ಹಚ್ಚಿದೆ, ತೋಳಿನ ಮೇಲೆ, ಕನ್ನಡಿಗೆ ತಾಗದಂತೆ.

ಸಂಜೆ ಎಲೆ ಅಡಿಕೆಗೆ ಓಣಿಯ ನೇಕಾರರೆಲ್ಲ ಬಂದರು. ಪೂಜೆಯಾದ ಆಯುಧವನ್ನು ಆ ದಿನ ಯಾರೂ ಮುಟ್ಟುವುದಿಲ್ಲ, ಅದಕ್ಕೆ ಅಂದು ದುಡಿತವಿಲ್ಲ. ನೂಲಿನ ವ್ಯಾಪಾರಿಯೊಬ್ಬರು ಹೊಸಬರು, ಮಣೆಯ ಹತ್ತಿರ ಬಗ್ಗಿ, ಹೊಳೆಯುವ ಕಮಾನಿಗೆ ಕೈ ಚಾಚಿದರು. “ಯಜಮಾನ್ರ, ಇದ್ಯಾವ ಮಗ್ಗದ ಸಾಮಾನ್ರಿ? ನಾ ಎಲ್ಲೂ ನೋಡಿಲ್ಲ.”

ನಾನು ಚಹದ ತಾಟು ಹಿಡಿದು ಒಳಬಾಗಿಲಲ್ಲೇ ನಿಂತೆ. ಮಾವ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಹೇಳಿದರು:

“ಅದು ನಮ್ಮ ಸೊಸೀ ಆಯುಧ. ಮುಟ್ಟಬ್ಯಾಡ್ರಿ, ಇವತ್ತ ಅದಕ್ಕೂ ಸೂಟಿ.”